ಒಂದು ಒಲೆಯೋ, ಎರಡು ಒಲೆಯೋ

ಹೋದ ತಿಂಗಳು ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಎಲ್ಲಿಗೆ ಹೋದಿರಿ ಮೇಷ್ಟ್ರೇ ಎಂದು ಹಳೆಯ ವಿದ್ಯಾರ್ಥಿಗಳು ಕೆಲವರು ವಿಚಾರಿಸಿದರು. ಎಲ್ಲಿಗೂ ಹೋಗಿರಲಿಲ್ಲ, ಬಂಟ್ವಾಳದ ಮನೆಯಲ್ಲಿಯೇ ಕುಳಿತು ಮಗನೊಡನೆ ಕಾಫಿ ಯಂತ್ರದ ವಿಚಾರದಲ್ಲಿ ವಾದಿಸುತ್ತಿದ್ದೆ.

ಕಾರಣ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ನನ್ನಾಕೆಗೆ ಪಾರ್ಶ್ವವಾಯುವಾಗಿ ಎಡಗೈಯ ಬಲ ಕುಂದಿತು. ಬಿಸಿ ಹಿತ್ತಾಳೆಯ ಫಿಲ್ಟರಿನ ಮೇಲಿನ ಪಾತ್ರೆಯನ್ನು ಕೆಳಗಿನದರಿಂದ ಬಿಡಿಸಲು ಎರಡು ಕೈಗಳೂ ಬೇಕು. ಒಂದು ದಿನ ಡಿಕಾಕ್ಷನ್ ಚೆಲ್ಲಿ ಕೈ ಸುಟ್ಟುಕೊಂಡಳು. ಅಂದಿನಿಂದ ಕಾಫಿಯ ಅಧಿಕಾರ ನನಗೆ ಬಂತು. ನಾನು ಮಾಡಿದ ಕಾಫಿಯನ್ನು ಆಕೆ ಕುಡಿಯುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನಲವತ್ತಾರು ವರ್ಷ ಅವಳ ಕಾಫಿ ಕುಡಿದವನಿಗೆ ಆ ಮೌನದ ಅರ್ಥ ತಿಳಿಯದೆ ಇರುತ್ತದೆಯೇ? ಬೆಂಗಳೂರಿನಲ್ಲಿದ್ದ ಮಗ, ಇನ್ನು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಗಂಟುಮೂಟೆ ಕಟ್ಟಿಕೊಂಡು ಬಂದವನು, ಎಸ್ಪ್ರೆಸೊ ಯಂತ್ರ ತರಿಸೋಣವೆಂದ. ಅಲ್ಲಿಂದ ಶುರುವಾಯಿತು: ಹೀಟ್ ಎಕ್ಸ್‌ಚೇಂಜರೋ, ಡಬಲ್ ಬಾಯ್ಲರೋ?

ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ಕಷ್ಟವಲ್ಲ. ಕಾಫಿ ಇಳಿಸಲು ನೀರು ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಲು ಕಾಯಿಸುವ ಹಬೆಗಾದರೋ ನೀರು ಕುದಿಯಲೇಬೇಕು. ವಾತಾವರಣದ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಅದು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಪ್ರೆಷರ್ ಕುಕ್ಕರಿನ ಪಾಠ ನೆನಪಿದೆಯಷ್ಟೆ? ಒಂದೇ ಯಂತ್ರದಲ್ಲಿ ಈ ಎರಡು ಬಿಸಿಗಳನ್ನು ಏಕಕಾಲದಲ್ಲಿ ಪಡೆಯುವುದು ಹೇಗೆಂಬುದೇ ಪ್ರಶ್ನೆ.

ನನ್ನ ಅಮ್ಮನ ಅಡುಗೆಮನೆಯಲ್ಲಿ ಮಣ್ಣಿನ ದೊಡ್ಡ ಒಲೆಗೆ ಅಂಟಿಕೊಂಡು ಒಂದು ಕೋಡೊಲೆಯಿತ್ತು. ದೊಡ್ಡ ಒಲೆಯಲ್ಲಿ ಕುಚ್ಚಲಕ್ಕಿ ಬೇಯುತ್ತಿರುವಾಗ ಅದರ ಉರಿ ಹಾದುಬಂದು ಕೋಡೊಲೆಯ ಮೇಲಿನ ತಂಬಿಗೆಯನ್ನು ಬಿಸಿ ಮಾಡುತ್ತಿತ್ತು. ಬೇರೆ ಸೌದೆ ಬೇಡ. ಹೀಟ್ ಎಕ್ಸ್‌ಚೇಂಜರೆಂದರೆ ಇದೇ. ಹಬೆಯ ಬಾಯ್ಲರು ಒಂದೇ; ಅದರ ಒಡಲೊಳಗಿಂದ ಒಂದು ಕೊಳವೆ ಹಾದುಹೋಗುತ್ತದೆ; ಕಾಫಿಯ ನೀರು ಆ ಕೊಳವೆಯಲ್ಲಿ ಓಡುತ್ತ ಬಿಸಿಯೇರುತ್ತದೆ. ಡಬಲ್ ಬಾಯ್ಲರಿನಲ್ಲಿ ಎರಡು ಬೇರೆ ಬೇರೆ ಒಲೆ, ಎರಡು ಪಾತ್ರೆ. ಕಾಫಿಯ ನೀರು 93 ಡಿಗ್ರಿ ಎಂದರೆ 93.

ಕೋಡೊಲೆಯ ದೋಷವೂ ಅಮ್ಮನಿಗೆ ಗೊತ್ತಿತ್ತು. ತಂಬಿಗೆಯನ್ನು ಮರೆತರೆ ನೀರು ಮರಳಿಹೋಗುತ್ತಿತ್ತು. ಯಂತ್ರವೂ ಹಾಗೆಯೇ. ಸುಮ್ಮನೆ ಬಿಟ್ಟರೆ ಕೊಳವೆಯೊಳಗೆ ನಿಂತ ನೀರು ಅತಿಯಾಗಿ ಕಾಯುತ್ತದೆ. ಕಾಫಿ ಇಳಿಸುವ ಮೊದಲು ಒಂದಿಷ್ಟು ನೀರನ್ನು ಹೊರಕ್ಕೆ ಬಿಡಬೇಕು. ಬಿಡದಿದ್ದರೆ ಕಾಫಿ ಸುಟ್ಟ ಕಹಿ.

ಮಗನ ಒಲವು ಡಬಲ್ ಬಾಯ್ಲರಿನ ಕಡೆಗೆ. ತೆಳುವಾಗಿ ಹುರಿದ ಅರೇಬಿಕಾಕ್ಕೆ ಒಂದು ಬಿಸಿ, ಗಾಢವಾಗಿ ಹುರಿದ ರೊಬಸ್ಟಾಕ್ಕೆ ಇನ್ನೊಂದು, ಅದನ್ನು ಬೇಕೆಂದಂತೆ ಬದಲಾಯಿಸಬಹುದೆಂಬುದು ಅವನ ವಾದ. ಬರಿಯ ಕಪ್ಪು ಕಾಫಿ ಸಾಕೆನಿಸಿದ ದಿನ ಹಬೆಯ ಬಾಯ್ಲರನ್ನು ಆರಿಸಿಡುವ ಅನುಕೂಲವೂ ಇದೆಯಂತೆ. ಒಪ್ಪುವ ಮಾತೇ. ಆದರೆ ನಮ್ಮ ಮನೆಯಲ್ಲಿ ಕಪ್ಪು ಕಾಫಿ ಕುಡಿಯುವವರು ಯಾರು? ಸಂಜೆ ನಾಲ್ಕಕ್ಕೆ ಆರು ಲೋಟ, ಆರಕ್ಕೂ ಹಾಲು. ಬೆಲೆ ನೋಡಿದರೆ ಎರಡೂ ಲಕ್ಷದ ಮೇಲಿನ ಮಾತು. ತೋಟಕ್ಕೆ ಹೊಸ ಪಂಪು ಬೇಕಾಗಿರುವಾಗ ಇದೆಂಥ ದುಂದು ಎಂದು ನಾನು ಗೊಣಗಿದೆ. ಚಿಕೋರಿ ಬೆರೆತ ನಮ್ಮ ಪುಡಿ ಈ ಯಂತ್ರಕ್ಕೆ ಒಗ್ಗದೆಂದು ತಿಳಿದ ಮೇಲಂತೂ ಇನ್ನಷ್ಟು ಗೊಣಗಿದೆ.

ಮೂಡಬಿದಿರೆಯಲ್ಲಿ ಪಾಠ ಮಾಡುತ್ತಿದ್ದಾಗ ಪೇಟೆಯ ಹೋಟೆಲೊಂದರಲ್ಲಿ ತಾಮ್ರದ ಬಾಯ್ಲರಿತ್ತು. ನಡುವಿನ ಕೊಳವೆಯಲ್ಲಿ ಇದ್ದಿಲ ಕೆಂಡ, ಸುತ್ತ ನೀರು, ಬದಿಯಲ್ಲಿ ನಲ್ಲಿ. ಮಗನ ಯಂತ್ರದ ತಿರುವುಮುರುವು ಎನ್ನಿ: ಅಲ್ಲಿ ಕೊಳವೆಯೊಳಗೆ ಬೆಂಕಿ, ಇಲ್ಲಿ ಕೊಳವೆಯೊಳಗೆ ನೀರು. ಅದಕ್ಕೂ ಮೊದಲು ಬೆಳ್ತಂಗಡಿಯ ಕಡೆ ಇದ್ದಾಗ ಚಾರ್ಮಾಡಿ ಘಾಟಿಯಿಂದ ಕಾಫಿ ಮೂಟೆಗಳನ್ನು ಹೇರಿಕೊಂಡ ಲಾರಿಗಳು ಇಳಿಯುವುದನ್ನು ನೋಡುತ್ತಿದ್ದೆ. ಉಜಿರೆ, ಬೆಳ್ತಂಗಡಿ, ಬಿ.ಸಿ.ರೋಡು ದಾಟಿ ಮಂಗಳೂರಿಗೆ ಅವುಗಳ ಪಯಣ. ಅಲ್ಲಿಂದ ಹಡಗೇರಿದ ಬೀಜದಲ್ಲಿ ಇಟಲಿಯವರಿಗೂ ಒಂದು ಪಾಲು. ನಮ್ಮ ರೊಬಸ್ಟಾವನ್ನು ಅವರು ತಮ್ಮ ಎಸ್ಪ್ರೆಸೊ ಪುಡಿಗೆ ಬೆರೆಸುತ್ತಾರೆ. ಬೀಜ ನಮ್ಮ ಮನೆಯ ಮುಂದಿನಿಂದಲೇ ಹೋಗುತ್ತಿತ್ತು. ನಾವು ಬೆಲ್ಲದ ಕಾಫಿ ಕುಡಿಯುತ್ತ ಕುಳಿತಿದ್ದೆವು!

ಒಂದು ರಾತ್ರಿ ಮಗ ತೂಕದ ವಿಷಯವೆತ್ತಿದ. “ಅಪ್ಪ, ಡಬಲ್ ಬಾಯ್ಲರು ಮೂವತ್ತು ಕಿಲೋದ ಹತ್ತಿರ ಇರುತ್ತದೆ. ಒಮ್ಮೆ ಇಟ್ಟರೆ ಮತ್ತೆ ಎತ್ತಿಕೊಂಡು ಹೋಗುವಂಥದ್ದಲ್ಲ.” ನಾನು ಒಡನೆಯೇ ಕೇಳಿಬಿಟ್ಟೆ, “ಹಾಗಾದರೆ ನೀನು ಹೋಗುವುದಿಲ್ಲವೋ?” ಅವನು ಉತ್ತರಿಸಲಿಲ್ಲ. ಎರಡು ತಿಂಗಳಿಂದ ನಾನು ಕೇಳಲು ಹೆದರುತ್ತಿದ್ದ ಪ್ರಶ್ನೆ ಅದು. ಅವನು ಬಾಯಿಬಿಟ್ಟು ಹೇಳಲಾರದೆ ಬಾಯ್ಲರುಗಳ ಮೂಲಕ ಹೇಳುತ್ತಿದ್ದುದೂ ಬಹುಶಃ ಅದನ್ನೇ. ಪಂಪಿನ ಲೆಕ್ಕ ಹಿಡಿದು ಕುಳಿತ ನನಗೆ ಅದು ಕೇಳಿಸಿರಲಿಲ್ಲ.

ಒಳಗಿನಿಂದ ನನ್ನಾಕೆಯ ಸ್ವರ ಬಂತು: “ಕೋಡೊಲೆಯದ್ದೇ ತರಿಸು. ಎರಡೆರಡು ಒಲೆ ಊದುವುದಕ್ಕೆ ಇಲ್ಲಿ ಯಾರಿದ್ದಾರೆ?” ಸ್ವಲ್ಪ ತಡೆದು, “ಅದನ್ನೂ ಎತ್ತಿಕೊಂಡು ಹೋಗುವುದು ಸುಲಭವಿಲ್ಲವಲ್ಲ?” ಎಂದಳು. “ಇಲ್ಲಮ್ಮ” ಎಂದ ಮಗ.

ಬಂದ ಯಂತ್ರಕ್ಕೆ ಇ61 ಎಂಬ ಮಾದರಿಯ ಮೂತಿ. ಇಟಲಿಯ ಫೇಮಾ ಕಂಪೆನಿ 1961ರಲ್ಲಿ ರೂಪಿಸಿದ್ದು. ಆ ವರ್ಷ ಅಲ್ಲಿ ಪೂರ್ಣ ಸೂರ್ಯಗ್ರಹಣವಾಗಿತ್ತು. ‘ಇ’ ಎಂದರೆ ಅವರ ಭಾಷೆಯಲ್ಲಿ ಗ್ರಹಣದ ಮೊದಲಕ್ಷರ. ವಿಜ್ಞಾನದ ಮೇಷ್ಟ್ರಿಗೆ ಇಷ್ಟು ಸಾಕು, ಗೊಣಗಾಟ ನಿಂತಿತು. ಮೊದಲ ದಿನ ಅವಸರದಲ್ಲಿ ಮಗ ನೀರು ಬಿಡುವುದನ್ನು ಮರೆತ. ಕಾಫಿ ಕಹಿಯಾಯಿತು. ನನ್ನಾಕೆ ಒಂದು ಗುಟುಕು ಕುಡಿದು, “ಇದಕ್ಕೆ ಬೆಲ್ಲ ಹಾಕು” ಎಂದಳು. ಎರಡು ವರ್ಷದಲ್ಲಿ ಕಾಫಿಯ ಬಗ್ಗೆ ಅವಳಾಡಿದ ಮೊದಲ ಟೀಕೆ ಅದು.

ಮರುದಿನದಿಂದ ಆ ನೀರು ಬಿಡುವ ಕೆಲಸ ಅವಳದು. ಹಿಡಿ ಎತ್ತಲು ಬಲಗೈ ಒಂದೇ ಸಾಕು. ನೀರು ಮೊದಲು ಚುರ್ರೆಂದು ಹಬೆಯುಗುಳುತ್ತ ಬೀಳುತ್ತದೆ. ಬಿಸಿ ಇಳಿದಾಗ ಸದ್ದಡಗಿ ಸಣ್ಣ ಧಾರೆಯಾಗುತ್ತದೆ. ಮಗ ಗಡಿಯಾರ ನೋಡಿ ಎಣಿಸುತ್ತಾನೆ. ಅವಳು ಗಡಿಯಾರ ನೋಡುವುದಿಲ್ಲ; ಒಗ್ಗರಣೆಯ ಸಾಸಿವೆಗೆ ಕಿವಿಗೊಡುವಂತೆ ತಲೆ ವಾಲಿಸಿ ನಿಂತು, “ಹ್ಞಾಂ, ಈಗ ಪುಡಿ ಹಾಕು” ಎನ್ನುತ್ತಾಳೆ.