ಒಂದು ಹಲ್ಲು ತಪ್ಪಿದರೆ

ಟಾರ್ಚು ಇನ್ನೂ ಸ್ವಲ್ಪ ಕೆಳಗೆ ಹಿಡಿಯಿರಿ. ಎಂಜಿನ್ನಿನ ಮೂತಿಯ ಎದುರು ಅಂಗೈ ಮಾತ್ರ ತೂರುವಷ್ಟು ಸಂದಿದೆಯಲ್ಲ, ಅಲ್ಲಿಗೆ. ರೇಡಿಯೇಟರಿನ ಫ್ಯಾನುಗಳು ಆಗಲೇ ಬಿಚ್ಚಿ ನೆಲಕ್ಕೆ ಬಂದಿವೆ, ಬೆಲ್ಟಿನ ಪ್ಲಾಸ್ಟಿಕ್ ಮುಚ್ಚಳವೂ ಕಳಚಿದೆ. ಹಳೆಯ ಕೂಲಂಟಿನ ಸಿಹಿ ವಾಸನೆ, ಅದರ ಹಿಂದೆಯೇ ಸುಟ್ಟ ಎಣ್ಣೆಯ ಕಮಟು. ಜರ್ಮನಿಯ ಹೈಲ್‌ಬ್ರಾನ್ ಊರಾಚೆಯ ಈ ಬಾಡಿಗೆ ಗ್ಯಾರೇಜಿನ ಸಿಮೆಂಟು ನೆಲದಿಂದ ಮಾರ್ಚ್ ತಿಂಗಳ ಚಳಿ ಷೂ ದಾಟಿ ಮೊಣಕಾಲಿಗೆ ಏರುತ್ತಿದೆ. ಮೇಸ್ತ್ರಿ ನಿಮ್ಮ ತೋರುಬೆರಳು ಹಿಡಿದು ಬೆಲ್ಟಿಗೆ ಮುಟ್ಟಿಸುತ್ತಾರೆ.

ಬೆರಳು ಜಾರುತ್ತದೆ. ಒಣಗಿರಬೇಕಾದ ರಬ್ಬರ್ ಜಿಡ್ಡು ಜಿಡ್ಡಾಗಿದೆ. ಬೆಳಕಿಗೆ ಹಿಡಿದರೆ ಬೆರಳ ತುದಿ ಕಪ್ಪು. ಕ್ರ್ಯಾಂಕ್‌ಶಾಫ್ಟಿನ ಮುಂಬದಿಯ ಸೀಲು ಯಾವ ಕಾಲದಿಂದಲೋ ಎಣ್ಣೆ ಬೆವರುತ್ತಿದೆ, ಅದನ್ನೆಲ್ಲ ಬೆಲ್ಟು ಕುಡಿದಿದೆ. ಮೇಸ್ತ್ರಿ ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ಮಗುಚಿ ಹಲ್ಲುಗಳ ಬುಡ ತೋರಿಸುತ್ತಾರೆ. ಕೂದಲೆಳೆಯಷ್ಟು ಸೀಳು. ಪಕ್ಕದ ಹಲ್ಲಿನಲ್ಲೂ ಇದೆ. ಅದರ ಪಕ್ಕದ್ದರಲ್ಲೂ. ಅವರು ಮಾತಾಡುವುದಿಲ್ಲ, ಸುಮ್ಮನೆ ನಿಮ್ಮ ಮುಖ ನೋಡುತ್ತಾರೆ. ಕಾರು ಮಾರಿದವರು ಓಡಿಸಿಕೊಂಡೇ ಹೋಗಿ ಅಂದಿದ್ದರು. ನೀವು ಒಪ್ಪದೆ ಟ್ರೇಲರ್ ಕರೆಸಿದಿರಿ, ಅದಕ್ಕೆ ಕೊಟ್ಟ ಬಾಡಿಗೆ ಇಷ್ಟು ಹೊತ್ತೂ ಮನಸ್ಸಿಗೆ ಚುಚ್ಚುತ್ತಿತ್ತು. ಈಗ ಚುಚ್ಚುತ್ತಿಲ್ಲ.

ಲಿಫ್ಟಿನ ಮೇಲೆ ನಿಂತಿರುವುದು 1986ರ ಪೋರ್ಷೆ 944. ಇಲ್ಲಿಂದ ಕೂಗಳತೆ ದೂರದ ನೆಕಾರ್ಸುಲ್ಮ್‌ನಲ್ಲಿ, ಆಡಿ ಕಾರ್ಖಾನೆಯಲ್ಲಿ ಜೋಡಣೆಯಾದ ಕಾರು. ನೆಕರ್ ನದಿಯ ದಂಡೆಯ ಆ ಕಾರ್ಖಾನೆಯಲ್ಲಿ ಇವತ್ತಿಗೂ ಕಾರುಗಳು ತಯಾರಾಗುತ್ತವೆ. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು 944ಗಳು ಬಂದವು. ಅಷ್ಟು ಬಂದಿದ್ದರಿಂದಲೇ ಇವತ್ತು ಮಧ್ಯಮ ಸಂಬಳದವರ ಕೈಗೂ ಎಟಕುತ್ತವೆ. ನೀವು ಕೊಟ್ಟದ್ದು ಒಂಬತ್ತು ಸಾವಿರ ಯೂರೊ. ಹೊಸ ಸಣ್ಣ ಕಾರಿನ ಅರ್ಧ ಬೆಲೆಗೂ ಕಡಿಮೆ. ತಲೆ ಎತ್ತಿ ಏಳುವ ಹೆಡ್‌ಲೈಟು, ಉಬ್ಬಿದ ಚಕ್ರದ ಕಮಾನುಗಳು, ಮುಂದೆ ಎಂಜಿನ್ನು, ಹಿಂದೆ ಗೇರ್‌ಬಾಕ್ಸು, ಎರಡೂ ಕಡೆ ಸರಿಸುಮಾರು ಸಮ ಭಾರ. ಹುಡುಗನಾಗಿದ್ದಾಗ ಹಾಸನದ ಮನೆಯ ಗೋಡೆಗೆ ಅಂಟಿಸಿಕೊಂಡಿದ್ದ ಕಾರು ಅದು.

ಆದರೆ ಬೆಲೆ ಕಡಿಮೆಯಾದದ್ದು ಕಾರಿನದು ಮಾತ್ರ, ಅದರ ಬಿಡಿಭಾಗಗಳದ್ದಲ್ಲ. ಮೇಸ್ತ್ರಿಯ ಗಂಟೆಯ ಕೂಲಿಯಂತೂ ಅಲ್ಲವೇ ಅಲ್ಲ. ಕಡಿಮೆ ಬೆಲೆಗೆ ಸಿಕ್ಕ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಹಿಂದಿನವರು ಮುಂದೂಡಿದ ಖರ್ಚೆಲ್ಲ ಹಾಗೇ ಕುಳಿತಿರುತ್ತದೆ. ಈ ಕಾರಿನ ದಾಖಲೆಯ ಕಡತ ಪ್ಯಾಸೆಂಜರ್ ಸೀಟಿನ ಮೇಲಿದೆ. 2011ರ ತನಕ ಅಚ್ಚುಕಟ್ಟಾದ ಮುದ್ರೆಗಳು, ಬಿಲ್ಲುಗಳು. ಆಮೇಲೆ ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ‘ಬೆಲ್ಟ್ ಆಗಿದೆ’ ಎಂಬ ಬರಹ. ತಾರೀಖಿಲ್ಲ, ರಸೀದಿಯಿಲ್ಲ. ಬಲ್ಲವರು ಈ ಬೆಲ್ಟನ್ನು ನಾಲ್ಕು ವರ್ಷಕ್ಕೊಮ್ಮೆ, ಇಲ್ಲವೇ ಸುಮಾರು 50,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸುತ್ತಾರೆ. ಕಾರು ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಕಿವಿಗೊಡಿ, ಮೇಸ್ತ್ರಿ ಎಂಜಿನ್ನಿನ ಮೈ ತಟ್ಟುತ್ತಿದ್ದಾರೆ. ಒಳಗೆ ನಾಲ್ಕು ಪಿಸ್ಟನ್, ಒಂದೊಂದೂ ಹತ್ತು ಸೆಂಟಿಮೀಟರ್ ಅಗಲ. ಪಿಸ್ಟನ್ ಮೇಲೇರುವ ಜಾಗಕ್ಕೇ ವಾಲ್ವೂ ಇಳಿಯುತ್ತದೆ. ಒಂದು ಬರುವಾಗ ಇನ್ನೊಂದು ಹೋಗಿರಬೇಕು. ನಿಮಿಷಕ್ಕೆ 6,000 ಸುತ್ತಿನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ, 50 ಸಲವೂ ಪಿಸ್ಟನ್ನಿನಿಂದ ತಪ್ಪಿಸಿಕೊಳ್ಳುತ್ತದೆ. ಇಬ್ಬರಿಗೂ ತಾಳ ಹಾಕುವುದು ನಿಮ್ಮ ಬೆರಳಿಗೆ ಹತ್ತಿದ ಈ ಜಿಡ್ಡು ರಬ್ಬರು. ಅದು ಹರಿದರೆ ಕ್ಯಾಮ್‌ಶಾಫ್ಟು ಇದ್ದಲ್ಲೇ ನಿಲ್ಲುತ್ತದೆ, ಪಿಸ್ಟನ್ನುಗಳು ನಿಲ್ಲುವುದಿಲ್ಲ. ತೆರೆದುಕೊಂಡೇ ಉಳಿದ ವಾಲ್ವುಗಳು ಬಾಗುತ್ತವೆ. ಆಮೇಲೆ ಸಿಲಿಂಡರ್ ಹೆಡ್ ಬಿಚ್ಚಬೇಕು, ಖರ್ಚು ಸಾವಿರಗಳ ಲೆಕ್ಕಕ್ಕೆ ಹತ್ತುತ್ತದೆ, ಕಾರಿಗೆ ಕೊಟ್ಟ ದುಡ್ಡನ್ನೇ ಮುಟ್ಟಿದರೂ ಆಶ್ಚರ್ಯವಿಲ್ಲ. ಎಷ್ಟೋ 944ಗಳು ಗುಜರಿ ಸೇರಿದ್ದು ಹೀಗೆ.

ಬೆಲ್ಟು ಮಾತ್ರ ಹಾಕಲೇ, ಎಲ್ಲವನ್ನೂ ಹಾಕಲೇ? ಮೇಸ್ತ್ರಿ ಕೇಳಿದ್ದು ಇಷ್ಟೇ.

ಬೆಲ್ಟೊಂದೇ ಆದರೆ ಅಗ್ಗ. ಅವರು ಹಳೆಯದನ್ನು ಕಳಚಿ ವಾಟರ್ ಪಂಪಿನ ಗಾಲಿಯನ್ನು ನಿಮ್ಮ ಬೆರಳಿಗೆ ಕೊಡುತ್ತಾರೆ. ತಿರುಗಿಸಿ. ನುಣ್ಣಗೆ ತಿರುಗಬೇಕಾದದ್ದು ಒಳಗೆ ಮರಳಿದ್ದಂತೆ ಕಿರುಗುಡುತ್ತದೆ, ಆ ಕಿರುಕು ಮೂಳೆಯೊಳಗೆ ಇಳಿಯುತ್ತದೆ. ಈ ಪಂಪು ತಿರುಗುವುದೂ ಇದೇ ಬೆಲ್ಟಿನ ಬೆನ್ನ ಮೇಲೆ. ಪಂಪು ಬಿಗಿದುಕೊಂಡರೆ ನಿನ್ನೆ ಹಾಕಿದ ಬೆಲ್ಟೂ ಉಳಿಯುವುದಿಲ್ಲ. ಸೀಲು ಬಿಟ್ಟರೆ ಹೊಸ ಬೆಲ್ಟು ಮತ್ತೆ ಎಣ್ಣೆ ಕುಡಿಯುತ್ತದೆ. ರೋಲರುಗಳದ್ದೂ ಇದೇ ಕಥೆ. ಬಿಚ್ಚುವ ಕೂಲಿ ಒಂದೇ, ಇವತ್ತು ಉಳಿಸಿದ ಇನ್ನೂರು ಯೂರೊ ನಾಳೆ ಇದೇ ಕೂಲಿಯನ್ನು ಎರಡನೇ ಸಲ ಕೇಳುತ್ತದೆ. ಗಂಟಲು ಒಣಗುತ್ತದೆ. ಮಗಳ ಈಜಿನ ಕ್ಲಾಸು, ಡಿಸೆಂಬರಿನಲ್ಲಿ ಊರಿಗೆ ಹೋಗುವ ವಿಮಾನದ ಟಿಕೆಟ್ಟು, ಎಲ್ಲವೂ ಈ ಗಾಲಿಯ ಕಿರುಕಿನಲ್ಲಿ ಸೇರಿಕೊಂಡಿವೆ. ಎಲ್ಲವನ್ನೂ ಹಾಕಿ, ಎನ್ನುತ್ತೀರಿ.

ಫ್ಲೈವೀಲಿನ ಹಲ್ಲಿಗೆ ಲಾಕು ಕಚ್ಚುತ್ತದೆ. ಕ್ರ್ಯಾಂಕಿನ ಬೋಲ್ಟಿನ ಬಿಗಿತ 210 ನ್ಯೂಟನ್ ಮೀಟರು. ಕಳಚಲು ಉದ್ದನೆಯ ಸರಳಿಗೆ ಕೊಳವೆ ತೊಡಿಸಿ ಇಬ್ಬರೂ ಜೋತು ಬೀಳಬೇಕು. ಭುಜ ಉರಿಯುತ್ತದೆ. ಟಪ್ಪೆಂದು ಗುಂಡಿನಂಥ ಸದ್ದು, ಮುರಿದೇ ಹೋಯಿತು ಅಂದುಕೊಳ್ಳುತ್ತೀರಿ. ಸಡಿಲವಾಯಿತು ಅಷ್ಟೇ. ಹೊಸ ಸೀಲುಗಳು ಎಣ್ಣೆ ಸವರಿಸಿಕೊಂಡು ಒಳಗೆ ಕೂರುತ್ತವೆ, ಹೊಸ ಪಂಪು, ಹೊಸ ರೋಲರು. ಮಧ್ಯಾಹ್ನವಾಗುತ್ತದೆ.

ಈಗ ಗುರುತುಗಳು. ಫ್ಲೈವೀಲಿನ ಮೇಲೆ ಓಟಿ ಎಂದು ಕೊರೆದ ಗೆರೆ, ಬೆಲ್‌ಹೌಸಿಂಗಿನ ಕಿಂಡಿಯಲ್ಲಿ ಕಾಣುತ್ತದೆ. ಮೊದಲ ಪಿಸ್ಟನ್ ತುತ್ತತುದಿಯಲ್ಲಿದೆ ಎಂದರ್ಥ. ಮೇಲೆ ಕ್ಯಾಮ್ ಚಕ್ರದಲ್ಲೊಂದು ಕಚ್ಚು, ಎದುರಿಗೆ ಅದಕ್ಕೆ ತಾಳೆಯಾಗುವ ಗುರುತು. ಎರಡೂ ಒಟ್ಟಿಗೆ ಕೂಡಿರುವಾಗ ಬೆಲ್ಟು ಏರುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿರುವುದರಿಂದ ಒಳಗೆ ಗಾಳಿಯ ಒತ್ತಡವಿಲ್ಲ. ಸ್ಪ್ಯಾನರು ನಿಮ್ಮ ಕೈಗೆ ಬರುತ್ತದೆ. ಕೈಯಿಂದಲೇ ಎರಡು ಪೂರ್ತಿ ಸುತ್ತು, ನಿಧಾನ, ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಎನ್ನುತ್ತಾರೆ ಮೇಸ್ತ್ರಿ.

ತಿರುಗಿಸುತ್ತೀರಿ. ಎಣ್ಣೆ ಎಲ್ಲೋ ಪಚಪಚ ಅನ್ನುತ್ತದೆ. ಕಾಲು ಸುತ್ತು. ಹಗುರ. ಇನ್ನೂ ಹಗುರ. ತಡೆಯಿತು. ಕೈ ಕಲ್ಲಾಯಿತು. ಉಸಿರಿಲ್ಲ. ವಾಲ್ವೇ? ತಾಗಿತೇ? ಮುಂದಕ್ಕೆ ಒತ್ತಿದರೆ ಬಾಗುತ್ತದೆಯೇ? ಬೆವರು ಕಣ್ಣಿಗಿಳಿಯುತ್ತದೆ, ಒರೆಸಿಕೊಳ್ಳಲು ಕೈ ಬಿಡುವ ಧೈರ್ಯವಿಲ್ಲ. ಮೇಸ್ತ್ರಿ ನಿಮ್ಮ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟು ಒಂದಿಷ್ಟೇ ಒತ್ತುತ್ತಾರೆ. ಅದು ಬಳುಕುತ್ತದೆ. ಹಿಂದಕ್ಕೆ ತಳ್ಳುತ್ತದೆ, ಮತ್ತೆ ಬಳುಕುತ್ತದೆ. ವಾಲ್ವಿನ ಸ್ಪ್ರಿಂಗು, ಎನ್ನುತ್ತಾರೆ; ಪಿಸ್ಟನ್ ತಾಗಿದ್ದರೆ ಬಳುಕುವುದೇ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ. ಒತ್ತುತ್ತೀರಿ. ದಾಟುತ್ತದೆ.

ಎರಡು ಸುತ್ತು ಮುಗಿಯುತ್ತದೆ. ಕಿಂಡಿಯಲ್ಲಿ ಗೆರೆ ಸರಿಯಾಗಿ ನಿಂತಿದೆ. ಮೇಲೆ ಕಚ್ಚು ಗುರುತಿನಿಂದ ಒಂದು ಹಲ್ಲು ಆಚೆಗಿದೆ. ಬಿಗಿಯುವಾಗ ಬೆಲ್ಟಿನ ಸಡಿಲು ಒಂದು ಮಗ್ಗುಲಿಗೆ ಸರಿದಿದೆ. ಒಂದೇ ಹಲ್ಲು. ಇಷ್ಟಕ್ಕೆ ವಾಲ್ವು ತಾಗದೆಯೂ ಇರಬಹುದು, ಎಂಜಿನ್ನು ಶುರುವಾಗಲೂಬಹುದು. ಆದರೆ ಉಸಿರು ಕಟ್ಟಿದ ಹಾಗೆ ಓಡುತ್ತದೆ. ಹೊರಗೆ ಕತ್ತಲಾಗುತ್ತಿದೆ, ಗ್ಯಾರೇಜಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿದೆ. ಬಿಚ್ಚಿ, ಎನ್ನುತ್ತೀರಿ. ಮೇಸ್ತ್ರಿ ಅಷ್ಟರಲ್ಲಾಗಲೇ ಬಿಚ್ಚತೊಡಗಿದ್ದಾರೆ.

ಮರುದಿನ ಬೆಳಿಗ್ಗೆ ಎಂಜಿನ್ನು ಪೂರ್ತಿ ತಣ್ಣಗಿದೆ. ಬಿಗಿತ ಅಳೆಯುವುದಕ್ಕೆ ಹಾಗೇ ಇರಬೇಕು, ಲೋಹ ಬಿಸಿಯಾದರೆ ಹಿಗ್ಗಿ ಬೆಲ್ಟನ್ನು ಎಳೆಯುತ್ತದೆ. ಎರಡು ಸುತ್ತು, ಆಮೇಲೆ ಹಿಂದಕ್ಕೆ ಹತ್ತು ಡಿಗ್ರಿ. 9201 ಎಂಬ ಸಂಖ್ಯೆಯಿಂದಲೇ ಗೊತ್ತಾಗುವ ಅಳತೆಯ ಸಾಧನವನ್ನು ಮೇಸ್ತ್ರಿ ಬೆಲ್ಟಿಗೆ ಕಚ್ಚಿಸುತ್ತಾರೆ. ಮುಳ್ಳು 4ರ ಹತ್ತಿರ ನಿಲ್ಲುತ್ತದೆ. ಕಚ್ಚು, ಗುರುತು, ಗೆರೆ ಎಲ್ಲ ತಾಳೆಯಾಗಿವೆ. ಎರಡನೆಯ, ಸಣ್ಣ ಬೆಲ್ಟೂ ಏರುತ್ತದೆ. ಅದು ತಿರುಗಿಸುವುದು ಎರಡು ಬ್ಯಾಲೆನ್ಸ್ ಶಾಫ್ಟುಗಳನ್ನು. ದೊಡ್ಡ ನಾಲ್ಕು ಸಿಲಿಂಡರಿನ ನಡುಕ ಅಡಗಿಸುವ ಈ ಏರ್ಪಾಡಿನ ಹಕ್ಕು ಮಿತ್ಸುಬಿಷಿಯದಾಗಿತ್ತು, ಪೋರ್ಷೆ ಅದಕ್ಕೆ ಲೈಸೆನ್ಸ್ ಶುಲ್ಕ ತೆತ್ತು ಬಳಸಿತು.

ಸ್ಟಾರ್ಟ್ ಮಾಡುವ ಮುಂಚೆ ಒಂದು ರಿಲೇ ಕಿತ್ತಿಡುತ್ತಾರೆ. ಬಾಷ್ ಕಂಪನಿಯ, ನಮ್ಮ ಆಡುಗೋಡಿಯವರ ಬಾಯಲ್ಲಿ ಮೈಕೋ ಆಗಿದ್ದ ಅದೇ ಬಾಷಿನ, ಮೋಟ್ರಾನಿಕ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ವಿದ್ಯುತ್ ಕೊಡುವ ರಿಲೇ ಅದು. ಕೀಲಿ ತಿರುಗಿಸಿ. ಎಂಜಿನ್ನು ಬೆಂಕಿಯಿಲ್ಲದೆ ಸುಮ್ಮನೆ ಸುತ್ತುತ್ತದೆ, ಎಣ್ಣೆಯ ಒತ್ತಡದ ಮುಳ್ಳು ನಡುಗಿ ಮೇಲೇಳುತ್ತದೆ. ರಿಲೇ ಮತ್ತೆ ಜಾಗಕ್ಕೆ. ಕೀಲಿ. ಒಂದು ಕ್ಷಣ ಏನೂ ಇಲ್ಲ. ಎದೆ ಬಡಿತ ಕಿವಿಯಲ್ಲಿ. ಕೆಮ್ಮು. ಗುರ್ರ್. ಹಿಡಿಯಿತು! ಸೀಟಿನ ಬೆನ್ನಿಗೆ ಎಂಜಿನ್ನು ತಲುಪುತ್ತದೆ, ದಪ್ಪ, ಸಮ, ಬೆಚ್ಚಗೆ. ಆಮೇಲೆ ಸಣ್ಣಗೆ ಸಿಳ್ಳೆಯಂಥ ಸದ್ದು. ಆಫ್! ಮೇಸ್ತ್ರಿ ಗಾಬರಿಯಾಗಿಲ್ಲ. ಸಣ್ಣ ಬೆಲ್ಟು ಬಿಗಿ ಜಾಸ್ತಿಯಾದರೆ ಹಾಗೇ ಹಾಡುವುದು. ತಣ್ಣಗಾದ ಮೇಲೆ ಸಡಿಲಿಸುತ್ತಾರೆ, ಸಿಳ್ಳೆ ನಿಲ್ಲುತ್ತದೆ.

ಬಿಲ್ಲು ಎರಡು ಸಾವಿರ ಯೂರೊ ದಾಟಿದೆ, ರೂಪಾಯಿಗೆ ತಿರುಗಿಸಿದರೆ ಎರಡು ಲಕ್ಷದ ಆಚೆಗೇ. ಕಾರು ನೋಡಲು ನಿನ್ನೆ ಇದ್ದ ಹಾಗೇ ಇದೆ. ಹೊಸ ಬಣ್ಣವಿಲ್ಲ, ಹೊಸ ಚಕ್ರವಿಲ್ಲ, ಯಾರಿಗೂ ತೋರಿಸುವಂಥದ್ದು ಏನೂ ಇಲ್ಲ. ಮೂವತ್ತು ವರ್ಷ ದಾಟಿ ಸುಸ್ಥಿತಿಯಲ್ಲಿರುವ ಕಾರಿಗೆ ಇಲ್ಲಿ ಹಳೆಗಾಡಿಯ ನಂಬರ್ ಪ್ಲೇಟು ಸಿಗುತ್ತದೆ, ವರ್ಷದ ತೆರಿಗೆ 191.73 ಯೂರೊ ಮಾತ್ರ. ಅದನ್ನೇ ಲಾಭ ಅಂದುಕೊಳ್ಳುವವರಿದ್ದಾರೆ. ನೀವು ರಸೀದಿಯನ್ನು ಕಡತಕ್ಕೆ ಸೇರಿಸುತ್ತೀರಿ, ತಾರೀಖು, ಕಿಲೋಮೀಟರು, ಬಿಡಿಭಾಗಗಳ ಪಟ್ಟಿ ಸಮೇತ. ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನೂ ಹಾಗೇ ಇಟ್ಟುಕೊಳ್ಳುತ್ತೀರಿ.

ಏಪ್ರಿಲ್ ಬಂದ ಮೇಲೆ ಲೋವೆನ್‌ಸ್ಟೈನ್ ಗುಡ್ಡದ ರಸ್ತೆ. ದ್ರಾಕ್ಷಿತೋಟಗಳ ನಡುವೆ ಏರು, ತಿರುವು, ಮತ್ತೆ ಏರು. ಎಂಜಿನ್ನು ಬಿಸಿಯಾಗುವ ತನಕ ತಡೆದು, ಎರಡನೇ ಗೇರಿನಲ್ಲಿ ಪೆಡಲು ಒತ್ತುತ್ತೀರಿ. 4,000. ದನಿ ಗಟ್ಟಿಯಾಗುತ್ತದೆ. 5,000. ಹಿಂದಿನ ಚಕ್ರಗಳು ನೆಲ ಕಚ್ಚಿ ನೂಕುತ್ತವೆ, ಕತ್ತು ಹಿಂದಕ್ಕೆ, ತೋಟದ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ. 6,000. ಸೆಕೆಂಡಿಗೆ ಐವತ್ತು ಸಲ. ಭಯವಿಲ್ಲ. ಕೊಟ್ಟ ದುಡ್ಡು ಈ ಮೈಯ ನಿರಾಳಕ್ಕೆ ಬಂತು, ಬಂದದ್ದು ಸರಿಯಾಗೇ ಬಂತು.

ಮೂರನೇ ಗೇರಿಗೆ ಹಾಕುವಾಗ ಕಾಲಡಿ ಧಡ್ ಎಂದು ಒಂದು ಸದ್ದು. ಮತ್ತೆ ಹಾಕಿ ನೋಡುತ್ತೀರಿ. ಧಡ್. ಕ್ಲಚ್ ಪ್ಲೇಟಿನ ನಡುವಿನ ರಬ್ಬರು. ಈ ಕಾರುಗಳಲ್ಲಿ ವಯಸ್ಸಾದಂತೆ ಅದು ಸೀಳುತ್ತದೆ, ಒಂದು ದಿನ ಪೂರ್ತಿ ಕಿತ್ತು ಬರುತ್ತದೆ, ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಬದಲಿಸಬೇಕೆಂದರೆ ಸೈಲೆನ್ಸರು ಇಳಿಯಬೇಕು, ಹಿಂದಿನ ಗೇರ್‌ಬಾಕ್ಸು ಇಳಿಯಬೇಕು, ನಡುವಿನ ಉದ್ದನೆಯ ಕೊಳವೆ ಹಿಂದಕ್ಕೆ ಸರಿಯಬೇಕು. ಬೆಲ್ಟಿನ ಕೆಲಸಕ್ಕಿಂತ ದೊಡ್ಡದು.

ಗಾಡಿ ಅಂಚಿಗೆ ನಿಲ್ಲಿಸಿ ಮೇಸ್ತ್ರಿಗೆ ಫೋನು ಮಾಡುತ್ತೀರಿ. ಗಾಡಿಯ ನಂಬರು ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಮಾತ್ರ ಚಾಲ್ತಿ, ಅದು ಮುಗಿಯುವವರೆಗೆ ಕಾಯಬಹುದೇ ಎಂದು ಕೇಳುತ್ತೀರಿ. ಅವರು ಯೋಚಿಸಿ, ಬೇಡ, ನಡುದಾರಿಯಲ್ಲಿ ಕಿತ್ತುಬಂದರೆ ಟ್ರೇಲರಿನ ದುಡ್ಡೂ ಸೇರುತ್ತದೆ, ಎನ್ನುತ್ತಾರೆ. ಹಾಗಾದರೆ ಈಗಲೇ ಪ್ಲೇಟು ತರಿಸಿ ಎನ್ನುತ್ತೀರಿ, ನಡುವೆ ರಬ್ಬರಿನದು ಬೇಡ, ಸ್ಪ್ರಿಂಗಿನದೇ ಇರಲಿ, ಒತ್ತು ಬೇರಿಂಗನ್ನೂ ಸೇರಿಸಿ ಬರೆದುಕೊಳ್ಳಿ.