ಮೊದಲ ಸುತ್ತಿನ ಬೆಲೆ

ತುಂಗೆಯ ಬದಿಯ ಮಂಡಗದ್ದೆಯಲ್ಲಿ ಮುಂಜಾನೆ ಓಡುವ ತರುಣನೊಬ್ಬನು ಎಂಟುನೂರು ಮೀಟರಿನ ಕನಸು ಕಟ್ಟಿದ್ದರೆ, ಅವನು ಮೊದಲು ಕೇಳಬೇಕಾದುದು ರಾಜಸ್ಥಾನದ ಶ್ರೀರಾಮ್ ಸಿಂಗನ ಕಥೆಯನ್ನು. ರಜಪುತಾನಾ ರೈಫಲ್ಸಿನ ಈ ಸಿಪಾಯಿಯನ್ನು ತಿದ್ದಿದ ಗುರು ಇಲ್ಯಾಸ್ ಬಾಬರ್. ಏಷ್ಯನ್ ಕ್ರೀಡಾಕೂಟದಲ್ಲಿ 1970ರಲ್ಲಿ ಬೆಳ್ಳಿ, 1974ರಲ್ಲಿ ಚಿನ್ನ.

1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನ ಅಂತಿಮ ಓಟ. ಕಾಲಿನ ಕಸುವನ್ನು ಕೊನೆಗೆಂದು ಕೂಡಿಡುವುದೇ ಈ ಓಟದ ಜಾಣತನ. ಆತನು ಕೂಡಿಡಲಿಲ್ಲ, ಮೊದಲ ಸುತ್ತನ್ನು 50.85 ಸೆಕೆಂಡಿನಲ್ಲಿ, ಎಲ್ಲರಿಗಿಂತ ಮುಂದಾಗಿ ಮುಗಿಸಿದನು. ಆ ವೇಗದ ಬೆನ್ನುಹಿಡಿದ ಕ್ಯೂಬಾದ ಹ್ವಾಂಟೊರೆನಾ 1 ನಿಮಿಷ 43.50 ಸೆಕೆಂಡಿನಲ್ಲಿ ಗುರಿಮುಟ್ಟಿ ವಿಶ್ವದಾಖಲೆ ಪಡೆದನು. ಶ್ರೀರಾಮನಿಗೆ ದಕ್ಕಿದ್ದು ಏಳನೆಯ ಸ್ಥಾನ. ಅವಿವೇಕವೆಂದು ಲೆಕ್ಕಿಗರಿಗೆ ತೋರೀತು. ಆದರೆ ಸೋತ ಆ ಓಟದ 1 ನಿಮಿಷ 45.77 ಸೆಕೆಂಡನ್ನು ಮೀರಲು ಭಾರತಕ್ಕೆ ನಲವತ್ತೆರಡು ವರ್ಷ ಹಿಡಿಯಿತು. 2018ರಲ್ಲಿ ಮೀರಿದವನು ಕೇರಳದ ಜಿನ್ಸನ್ ಜಾನ್ಸನ್.