ಬೈಸಿಕಲ್ಲಿನ ನಿಗ್ರಹ

ರಥವನ್ನು ವರ್ಣಿಸುವವರು ಸಾಮಾನ್ಯವಾಗಿ ಅದರ ವೇಗವನ್ನು ಕೊಂಡಾಡುತ್ತಾರೆ. ಅದನ್ನು ತಡೆದು ನಿಲ್ಲಿಸುವ ಸಾಧನದ ಮಾತನ್ನು ಎತ್ತುವವರು ವಿರಳ. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ರೂಪಿಸುವಾಗ, ಮನಸ್ಸನ್ನು ಲಗಾಮೆಂದು ಹೇಳಲು ಮರೆಯಲಿಲ್ಲ. ಚೈತ್ರಮಾಸದಲ್ಲಿ ಹಂಪೆಯ ವಿರೂಪಾಕ್ಷನ ತೇರು ಬೀದಿಗಿಳಿದಾಗ ಹಗ್ಗ ಹಿಡಿದು ಎಳೆಯುವವರು ಅಸಂಖ್ಯ ಮಂದಿ. ಗಾಲಿಯ ಅಡಿಗೆ ಹೊತ್ತರಿತು ಮರದ ಬೆಣೆ ಕೊಡುವವರು ಕೆಲವೇ ಮಂದಿ. ಆದರೂ ತೇರು ಕ್ಷೇಮವಾಗಿ ನೆಲೆಗೆ ಸೇರುವುದು ಆ ಕೆಲವರ ಎಚ್ಚರದಿಂದಲೇ. ವಿಠ್ಠಲನ ಗುಡಿಯ ಅಂಗಳದಲ್ಲಿರುವ ಕಲ್ಲಿನ ರಥವೊಂದಕ್ಕೆ ಮಾತ್ರ ಈ ಚಿಂತೆಯಿಲ್ಲ.

ಈ ಕಾಲದ ತರುಣರ ರಥವು ದಪ್ಪ ಟೈರಿನ ಬೆಟ್ಟದ ಬೈಸಿಕಲ್ಲು. ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಹೋಗುವವನಿಗೆ ಕಾಲುವೆ, ಬತ್ತದ ಗದ್ದೆ, ಕಬ್ಬಿನ ತೋಟಗಳ ನಡುವೆ ದಾರಿಯು ಸಮನಾಗಿರುತ್ತದೆ. ಅಲ್ಲಿ ಎಂತಹ ಬ್ರೇಕಾದರೂ ಸಾಕು. ಹಂಪೆಯ ಬಂಡೆಗಳ ನಡುವಣ ಕಾಲುಹಾದಿಯಲ್ಲಿ ಸ್ವಲ್ಪ ಹೆಚ್ಚಿನ ಜಾಣ್ಮೆ ಬೇಕು. ಆದರೆ ಸಂಡೂರಿನ ಬೆಟ್ಟಗಳ ಇಳಿಜಾರು ಬೇರೆಯೇ. ಅಲ್ಲಿ ತಿರುವು ಕಡಿದು. ಎದುರಿಗೆ ಅದಿರಿನ ಲಾರಿ ಬರುವುದುಂಟು. ಕಬ್ಬಿಣದ ಅದಿರಿನ ಕೆಂಪು ಧೂಳು ಬಟ್ಟೆಯನ್ನು ಬಿಡದು, ಯಂತ್ರವನ್ನೂ ಬಿಡದು. ಅಲ್ಲಿ ಬ್ರೇಕು ಪ್ರಾಣರಕ್ಷಣೆಯ ವಿಷಯವೇ ಆಗುತ್ತದೆ.

ಬೆಟ್ಟದ ಬೈಸಿಕಲ್ಲಿನ ಚರಿತ್ರೆಯಲ್ಲಿಯೂ ಬ್ರೇಕಿನ ಕಷ್ಟವೇ ಮೊದಲ ಅಧ್ಯಾಯ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಬೈಸಿಕಲ್ಲುಗಳನ್ನು ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಅದನ್ನೊಂದು ಪಂದ್ಯವನ್ನಾಗಿಯೇ ಮಾಡಿದರು. ಆ ಗಾಡಿಗಳ ಬ್ರೇಕು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದು. ಇಳಿಯುವಷ್ಟರಲ್ಲಿ ಗಾಲಿಯ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮನೆಗೆ ಬಂದು ಹೊಸ ಗ್ರೀಸು ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ಆದಕಾರಣ ಆ ಪಂದ್ಯಕ್ಕೆ 'ರೀಪ್ಯಾಕ್', ಎಂದರೆ 'ಮರಳಿ ತುಂಬು', ಎಂಬ ಹೆಸರೇ ನಿಂತಿತು. ಮನೆಯ ರಿಪೇರಿಯು ಒಂದು ಕ್ರೀಡೆಗೆ ಹೆಸರು ಕೊಟ್ಟ ವಿಚಿತ್ರವಿದು.

ಈಗಿನ ಬೈಸಿಕಲ್ಲಿಗೆ ಡಿಸ್ಕ್ ಬ್ರೇಕು ಬಂದಿದೆ. ಇದರ ಮೂಲಭಾವನೆ ಹೊಸತಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರನು 1902ರಲ್ಲಿಯೇ ಮೋಟಾರಿಗೆ ಇಂಥ ತಟ್ಟೆಯ ಬ್ರೇಕಿನ ಪೇಟೆಂಟು ಪಡೆದನು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಮೋಟಾರು ಡಿಸ್ಕ್ ಬ್ರೇಕುಗಳ ಬಲದಿಂದ ಗೆದ್ದ ಮೇಲೆ ಅದರ ಕೀರ್ತಿ ಹಬ್ಬಿತು. ಅದೇ 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾಯಿತೆಂಬುದು ಕಾಕತಾಳೀಯವಾದರೂ, ದ್ರವದ ಶಕ್ತಿಯನ್ನು ಬಲ್ಲ ಈ ಊರಿನವರು ನೆನೆಯಬಹುದಾದ ಸಂಗತಿ.

ದ್ರವದ ಮಾತು ಬಂದುದರಿಂದ ಒಂದು ಭೇದವನ್ನು ಹೇಳಬೇಕು. ತುರುತ್ತು ಕಾಲುವೆಯನ್ನೂ ಬಸವಣ್ಣ ಕಾಲುವೆಯನ್ನೂ ತೋಡಿಸಿದ ವಿಜಯನಗರದ ಕಾಲದವರು ನೀರನ್ನು ಇಳಿಜಾರಿನಿಂದ ಹರಿಸಿದರು. ಅಲ್ಲಿ ನೀರೇ ಹೋಗಿ ಗದ್ದೆಯನ್ನು ಸೇರಬೇಕು. ಬ್ರೇಕಿನ ಕೊಳವೆಯಲ್ಲಾದರೋ ಎಣ್ಣೆಯು ಸರಿಯುವುದು ಸ್ವಲ್ಪವೇ. ಹೋಗಿ ಸೇರುವುದು ಒತ್ತಡ ಮಾತ್ರ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಕುಂದದೆ ಹರಡುವುದೆಂದು ಪಾಸ್ಕಲನು ವಿವರಿಸಿದ ಗ್ರಂಥವು, ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಹಿಡಿಯ ಬಳಿಯ ಪಿಸ್ಟನ್ನಿಗಿಂತ ಗಾಲಿಯ ಬಳಿಯ ಪಿಸ್ಟನ್ನಿನ ವಿಸ್ತೀರ್ಣವು ನಾಲ್ಕರಷ್ಟಿದ್ದರೆ ಬಲವೂ ನಾಲ್ಕರಷ್ಟಾಗುವುದು, ಚಲನೆ ಕಾಲುಭಾಗಕ್ಕೆ ಇಳಿಯುವುದು. ಹೀಗೆ ಎರಡು ಬೆರಳಿನ ಒತ್ತು ಒಂದು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಕೊಳವೆಯೊಳಗೆ ಗಾಳಿ ಸೇರಿತೋ, ಬೆರಳಿನ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಹಿಡಿಯು ಹತ್ತಿಯನ್ನು ಹಿಸುಕಿದಂತೆ ಮೆತ್ತಗಾಗುವುದು.

ಹೊಸಪೇಟೆಯ ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಬೈಸಿಕಲ್ಲಿಗೆ ಇದೇ ರೋಗ ತಗುಲಿತು. ಹಿಂದಿನ ಬ್ರೇಕಿನ ಹಿಡಿಯು ಒತ್ತಿದರೆ ಹ್ಯಾಂಡಲಿಗೇ ತಾಗುತ್ತಿತ್ತು. ಬರುವ ಭಾನುವಾರ ಗೆಳತಿಯರೊಡನೆ ಸಂಡೂರಿನ ಕುಮಾರಸ್ವಾಮಿಯ ಬೆಟ್ಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಬೀದಿಯ ಸೈಕಲ್ ಶಾಪಿನವನು ನೋಡಿ, "ಇದು ನನಗೆ ತಿಳಿಯದಮ್ಮಾ, ತಂತಿಯ ಬ್ರೇಕಾದರೆ ಈಗಲೇ ಮಾಡಿಕೊಡುತ್ತಿದ್ದೆ" ಎಂದನು. ಪರಿಚಯದವರೊಬ್ಬರು ಮೋಟಾರ್ ಸೈಕಲ್ಲಿನ ಬ್ರೇಕ್ ಆಯಿಲಿನ ಶೀಷೆಯೊಂದನ್ನು ತಂದುಕೊಟ್ಟು, ಎರಡೂ ಒಂದೇ ಎಂದು ಧೈರ್ಯ ಹೇಳಿದರು. ತಾಯಿಯು ಹೋಗುವುದೇ ಬೇಡವೆಂದಳು.

ಆ ಮನೆಯ ಹಿರಿಯರು ಕಾಲುವೆಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರು ಕನ್ನಡಕ ಹಾಕಿಕೊಂಡು ಹಿಡಿಯ ಮೇಲಿನ ಮುಚ್ಚಳದಲ್ಲಿದ್ದ ಚಿಕ್ಕ ಅಕ್ಷರಗಳನ್ನು ಓದಿದರು. ಮಿನರಲ್ ಆಯಿಲನ್ನು ಮಾತ್ರ ಹಾಕತಕ್ಕುದೆಂದು ಅಲ್ಲಿ ಬರೆದಿತ್ತು. ಮೋಟಾರ್ ಸೈಕಲ್ಲಿನ ಶೀಷೆಯ ಮೇಲಿದ್ದುದು 'ಡಾಟ್' ಎಂಬ ಬೇರೆ ಜಾತಿಯ ದ್ರವ. ಒಂದಕ್ಕೆಂದು ಮಾಡಿದ ರಬ್ಬರಿನ ಸೀಲು ಇನ್ನೊಂದರಲ್ಲಿ ಉಬ್ಬಿ ಕೆಡುವುದು; ಹಾಕಿದ ದಿನ ಬ್ರೇಕು ಹಿಡಿದಂತೆಯೇ ತೋರಿ, ನಂಬಿ ಇಳಿಯುವಾಗ ಕೈಬಿಡಬಹುದು.

"ಬೆಂಗಳೂರಿನಿಂದ ತರಿಸೋಣ. ಬೆಟ್ಟ ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ, ತಾಯಿ" ಎಂದರು ಹಿರಿಯರು.

"ಸಂಡೂರಿನ ಬೆಟ್ಟಗಳ ವಿಷಯದಲ್ಲಿ ಹಾಗೆ ಹೇಳಲಾಗದು ತಾತ" ಎಂದಳು ಹುಡುಗಿ. ಹಿರಿಯರು ನಕ್ಕರಾದರೂ ಆ ಮಾತಿಗೆ ಉತ್ತರ ಕೊಡಲಿಲ್ಲ.

ಆ ಭಾನುವಾರ ಗೆಳತಿಯರು ಆಕೆಯನ್ನು ಬಿಟ್ಟು ಹೋದರು. ಎಣ್ಣೆ ಬಂದ ಮೇಲೆ ಕೆಲಸ ಪ್ರಾರಂಭವಾಯಿತು. ಬೈಸಿಕಲ್ಲನ್ನು ತಲೆಕೆಳಗು ನಿಲ್ಲಿಸಿದರೆ ಮೇಲಿನ ಬಟ್ಟಲಲ್ಲಿರುವ ಗಾಳಿಯು ಕೊಳವೆಗೆ ನುಗ್ಗುವುದಾದ್ದರಿಂದ, ಅದನ್ನು ನೆಟ್ಟಗೆ ಜೋಕಾಲಿಯ ಕೊಂಡಿಗಳಿಗೆ ಹಗ್ಗದಿಂದ ತೂಗುಹಾಕಿದರು. ಹಿಂದಿನ ಗಾಲಿಯನ್ನು ಬಿಚ್ಚಿ, ಪ್ಯಾಡುಗಳನ್ನು ತೆಗೆದು, ಕಾಗದದಲ್ಲಿ ಸುತ್ತಿ ದೂರವಿಟ್ಟರು. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬಾರದು. ಪಿಸ್ಟನ್ನುಗಳು ಹೊರಕ್ಕೆ ಬೀಳದಂತೆ ಅವುಗಳ ನಡುವೆ ಪ್ಲಾಸ್ಟಿಕ್ಕಿನ ತುಂಡೊಂದನ್ನು ಸೇರಿಸಿದರು. ಹಿಡಿಯ ಬಟ್ಟಲನ್ನು ಸಮನಾಗಿ ತಿರುಗಿಸಿ, ಅದರ ತಿರುಪು ಬಿಚ್ಚಿ, ಅಲ್ಲಿ ಚಿಕ್ಕ ಆಲಿಕೆಯನ್ನು ಕೂರಿಸಿದರು. ಕೆಳಗೆ ಕ್ಯಾಲಿಪರಿನ ಮೂತಿಗೆ ನಳಿಗೆಯ ಮೂಲಕ ಎಣ್ಣೆ ತುಂಬಿದ ಸಿರಿಂಜನ್ನು ಜೋಡಿಸಿದರು.

ಮೂತಿಯನ್ನು ಸ್ವಲ್ಪ ಸಡಿಲಿಸಿ, ಹುಡುಗಿಯು ಎಣ್ಣೆಯನ್ನು ಕೆಳಗಿನಿಂದ ಮೆಲ್ಲಗೆ ಒತ್ತಿದಳು. ಗಾಳಿಯ ಸ್ವಭಾವವೇ ಮೇಲೇರುವುದು. ಆ ಸ್ವಭಾವಕ್ಕೆ ದಾರಿಮಾಡಿಕೊಡುವುದೇ ಈ ರಿಪೇರಿಯ ರಹಸ್ಯ. ಮೆಕ್ಯಾನಿಕರು ಇದನ್ನು 'ಏರ್ ತೆಗೆಯುವುದು' ಎನ್ನುತ್ತಾರೆ. ಆಲಿಕೆಯಲ್ಲಿ ಮೊದಲು ಸಾಸಿವೆಯಷ್ಟು, ಬಳಿಕ ಮಣಿಯಷ್ಟು ಗುಳ್ಳೆಗಳು ಎದ್ದವು. ಮೂತಿಯನ್ನು ಮುಚ್ಚಿ, ಕೊಳವೆಯನ್ನು ಬೆರಳಿನಿಂದ ತಟ್ಟುತ್ತ, ಹಿಡಿಯನ್ನು ಒತ್ತಿ ಒತ್ತಿ ಬಿಟ್ಟರು. ಗುಳ್ಳೆಗಳು ನಿಂತುವೆಂದು ಹುಡುಗಿ ಸಿರಿಂಜನ್ನು ತೆಗೆಯಹೋದಾಗ ಹಿರಿಯರು ತಡೆದು, "ಇನ್ನೊಂದು ಗಳಿಗೆ ತಾಳು, ನಳದ ಗಾಳಿ ಕೊನೆಯಲ್ಲಿ ಅಡಗಿ ಕುಳಿತಿರುತ್ತದೆ" ಎಂದರು. ನಿಜವಾಗಿಯೂ ಮತ್ತೊಂದು ಗುಳ್ಳೆ ಎದ್ದಿತು. ಆ ಬಳಿಕ ಹಿಡಿಯು ಅರ್ಧದಾರಿಯಲ್ಲಿಯೇ ಕಲ್ಲಿನಂತೆ ಗಟ್ಟಿಯಾಗಿ ನಿಂತಿತು.

ಉಳಿದುದು ಸಣ್ಣ ಕೆಲಸ. ಆದರೆ ಅಲಕ್ಷ್ಯ ಮಾಡತಕ್ಕುದಲ್ಲ. ತಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಒರಸಬೇಕು, ಬರಿಗೈಯಿಂದ ಮುಟ್ಟಬಾರದು. 1.8 ಮಿಲಿಮೀಟರಿನ ತಟ್ಟೆಯು ಸವೆದು 1.5ಕ್ಕೆ ಇಳಿದರೆ ಬದಲಾಯಿಸಬೇಕು. ಪ್ಯಾಡಿನ ಉಜ್ಜುವ ಪದರವು 0.5 ಮಿಲಿಮೀಟರಿಗೆ ಬಂದರೆ ಅದರ ಆಯುಸ್ಸು ಮುಗಿಯಿತು. ಸಂಡೂರಿನ ಧೂಳಿನಲ್ಲಿ ಓಡುವ ಗಾಡಿಗೆ ಈ ಪರೀಕ್ಷೆ ಮೇಲಿಂದ ಮೇಲೆ ನಡೆಯಬೇಕು. ಗಾಲಿ ಹಾಕಿದ ಮೇಲೆ ಸಮನಾದ ಬೀದಿಯಲ್ಲಿ ನಿಧಾನವಾಗಿ ಹಲವು ಸಲ ಓಡಿಸಿ ನಿಲ್ಲಿಸಿ ನೋಡದೆ ಬೆಟ್ಟವನ್ನು ಹತ್ತಬಾರದು. ಮರುದಿನ ಹಿಡಿಯು ಮತ್ತೆ ಮೆತ್ತಗಾದರೆ ಎಲ್ಲಿಯೋ ಎಣ್ಣೆ ಸೋರುತ್ತಿದೆಯೆಂದು ತಿಳಿಯಬೇಕು. ಅದು ಬಲ್ಲ ಮೆಕ್ಯಾನಿಕನ ಕೈಗೆ ಸೇರಬೇಕಾದ ಕೆಲಸ. ಈ ಮನೆಯಲ್ಲಿ ಹಾಗಾಗಲಿಲ್ಲ. ಮುಂದಿನ ಭಾನುವಾರ ಮಗಳು ಹೊರಟಾಗ ತಾಯಿಯು ತಾನೇ ಹಿಡಿಯನ್ನು ಒತ್ತಿ ನೋಡಿ, ಬುತ್ತಿಯನ್ನು ಕೈಗೆ ಕೊಟ್ಟಳು.

ಈ ಪ್ರಸಂಗದಲ್ಲಿ ಪ್ರಶಂಸೆಗೆ ಪಾತ್ರನಾದ ಮೊದಲಿಗನು ಸೈಕಲ್ ಶಾಪಿನವನು. ತಿಳಿಯದ ಕೆಲಸವನ್ನು ತಿಳಿಯದೆಂದು ಹೇಳಿ ಬಂದ ಹಣವನ್ನು ಬಿಟ್ಟ ಆತನಿಂದ ಒಂದು ಅಪಾಯ ತಪ್ಪಿತು. ತಿಳಿದವರಂತೆ ಶೀಷೆ ತಂದುಕೊಟ್ಟ ಹಿತೈಷಿಯಿಂದ ಒಂದು ಅಪಾಯ ಸಮೀಪಿಸಿತ್ತು. ಇಂಥ ಬೈಸಿಕಲ್ಲುಗಳನ್ನು ಮಾರುವ ಅಂಗಡಿಗಳು ಅವಕ್ಕೆ ತಕ್ಕ ಎಣ್ಣೆಯ ಒಂದೆರಡು ಶೀಷೆಗಳನ್ನೂ ಇಟ್ಟುಕೊಂಡು, ಕೆಲಸದ ಹುಡುಗನೊಬ್ಬನಿಗೆ ಈ ವಿದ್ಯೆಯನ್ನು ಕಲಿಸಿದರೆ, ಬೆಟ್ಟದ ಊರುಗಳ ತಂದೆತಾಯಿಗಳ ಭಾನುವಾರಗಳು ಇನ್ನಷ್ಟು ನೆಮ್ಮದಿಯಿಂದ ಕಳೆದಾವು.